ಮಾನಪತ್ರಕ್ಕೆ ಮುನ್ನೂರ ಎಂಬತ್ತಾರು ಸಹಿಗಳು

ಸಮರ್‌ಸೆಟ್, ನ್ಯೂ ಜೆರ್ಸಿ
9 ಜೂನ್ 2025

ಪ್ರೀತಿಯ ನಳಿನಾಕ್ಷಿ,

ನಿನ್ನ ತಮ್ಮನ ತಂಡ ನಿನ್ನೆ ಸತತವಾಗಿ ಹನ್ನೊಂದನೆಯ ಪಂದ್ಯವನ್ನು ಸೋತಿತು. ಇದನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ವಸಿಷ್ಠನ ಮಾತು ಬಂದಾಗಲೆಲ್ಲ ನೀನು ಕುಕ್ಕರ್ ಕೂಗಿತೆಂದು ಎದ್ದು ಹೋಗುತ್ತೀಯೆ. ಪತ್ರಕ್ಕೆ ಕುಕ್ಕರಿನ ನೆಪ ನಡೆಯುವುದಿಲ್ಲ.

ಬೇಸ್‌ಬಾಲ್ ಆಟದಲ್ಲಿ ನನಗೇನು ಆಸಕ್ತಿ ಎಂದು ನೀನು ಕಳೆದ ಸಲ ಕೇಳಿದೆ. ನಿವೃತ್ತಳಾಗಿ ಮಗಳು ಅನುವಿನ ಮನೆಗೆ ಬಂದಾಗ ನನಗೂ ಇರಲಿಲ್ಲ. ನಮ್ಮವರಿಗೆ ಮಾತ್ರ ಮೊದಲ ವರ್ಷವೇ ಅದು ಹಿಡಿಯಿತು. ದೊಡ್ಡ ನಗರದ ಪ್ರಸಿದ್ಧ ತಂಡಗಳನ್ನೆಲ್ಲ ಬಿಟ್ಟು, ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಮಿಲ್‌ಸ್ಟೋನ್ ಹೆರನ್ಸ್ ಎಂಬ ಈ ಬಡ ತಂಡವನ್ನು ಆರಿಸಿಕೊಂಡರು. ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕುಳಿತು, ಪ್ರತಿಯೊಂದು ಎಸೆತವನ್ನೂ ಪುಸ್ತಕದಲ್ಲಿ ಗುರುತು ಮಾಡಿದರು. ಅವರು ತೀರಿಕೊಂಡ ಮೇಲೆ ಆ ಕುರ್ಚಿಯಲ್ಲಿ ನಾನು ಕೂರುತ್ತಿದ್ದೇನೆ, ಆ ಪುಸ್ತಕದಲ್ಲಿ ನಾನು ಬರೆಯುತ್ತಿದ್ದೇನೆ. ಪಕ್ಕದ ಕುರ್ಚಿ ಟೋನಿಯದು. ಶಾಲಾ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ನನ್ನನ್ನು ‘ಟೀಚರ್’ ಎಂದೇ ಕರೆಯುತ್ತಾನೆ. ನಮ್ಮವರ ಅಂತ್ಯಕ್ರಿಯೆಗೆ ತಂಡದ ಟೋಪಿಯನ್ನು ಕೈಯಲ್ಲಿ ಹಿಡಿದು ಬಂದಿದ್ದವನು ಅವನೇ.

ಸೋಲು ನನಗೆ ಹೊಸದಲ್ಲ. ಹತ್ತನೆಯ ತರಗತಿಯ ‘ಬಿ’ ವಿಭಾಗಕ್ಕೆ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ. ನನ್ನನ್ನು ಕಾಡುವುದು ಅಲಕ್ಷ್ಯ. ಎರಡು ವರ್ಷದ ಹಿಂದೆ ವಸಿಷ್ಠ ತಂಡವನ್ನು ಕೊಂಡಾಗ ನಮ್ಮವನೊಬ್ಬ ಮಾಲೀಕನಾದನೆಂದು ನಾನೇ ಸುತ್ತಲಿನವರಿಗೆಲ್ಲ ಮೈಸೂರುಪಾಕು ಹಂಚಿದೆ. ಅಂದಿನಿಂದ ಒಳ್ಳೆಯ ಎಸೆತಗಾರರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಅಂಕಫಲಕದ ದೀಪಗಳು ಕೆಟ್ಟು, ಎದುರಾಳಿಗಳ ಅಂಕ ಎಂಟಾದರೆ ಅದು ಮೂರರಂತೆ ಕಾಣುತ್ತಿದೆ. ಈಗ ಸುತ್ತಲಿನ ನಾಲ್ಕು ಸಾಲಿನವರು ನಿಜವಾದ ಅಂಕವನ್ನು ನನ್ನ ಪುಸ್ತಕದಿಂದ ಕೇಳಿ ತಿಳಿಯುತ್ತಾರೆ. ನಿನ್ನೆ ಟೋನಿ, “ಟೀಚರ್, ಈ ಫಲಕ ಮಾತ್ರ ನಮ್ಮ ಪರವಾಗಿ ಆಡುತ್ತಿದೆ,” ಎಂದ. ಹಿಂದಿನ ಸಾಲಿನವರು ನಕ್ಕರು. ನಾನು ನಗಲಿಲ್ಲ.

ಒಮ್ಮೆ ಬಂದು ನಮ್ಮ ನಡುವೆ ಕೂರಲು ಅವನಿಗೆ ಹೇಳು. ಅಷ್ಟು ಸಾಕು.

ಇತಿ,
ಪದ್ಮಜಾ


ಫ್ಲೋರಲ್ ಪಾರ್ಕ್, ನ್ಯೂಯಾರ್ಕ್
16 ಜೂನ್ 2025

ಪ್ರೀತಿಯ ಪದ್ಮಜಕ್ಕ,

ನಿಮ್ಮ ಪತ್ರ ಬಂತು. ಕುಕ್ಕರಿನ ಮಾತನ್ನು ಓದಿ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು.

ವಸಿ ನಿಮ್ಮ ನಡುವೆ ಬಂದು ಕೂರುವುದಿಲ್ಲ ಅಕ್ಕ. ಏಪ್ರಿಲ್‌ನಲ್ಲಿ ಒಮ್ಮೆ ಬಂದಿದ್ದ. ತಂಡವನ್ನು ಮಾರು, ಮಾರು ಎಂದು ಜನ ಲಯಬದ್ಧವಾಗಿ ಕೂಗಿದರಂತೆ. ಮನೆಗೆ ಬಂದವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಮ್ಮ ಹೋದಾಗ ಅವನಿಗೆ ಏಳು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ಅದಕ್ಕೇ ನಾನು ಪಾಠಕ್ಕೆ ದಿನಾ ತಡವಾಗಿ ಬಂದು, ನೀವು ನೋಡಿಕೊಳ್ಳುತ್ತಿದ್ದ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಪಡೆಯುತ್ತಿದ್ದೆ. ಆಮೇಲೆ ತಡವಾಗುವುದೇ ರೂಢಿಯಾಯಿತು. ಐವತ್ತೆಂಟು ವರ್ಷದವನಾದರೂ ನನಗೆ ಅವನು ಅದೇ ಏಳು ವರ್ಷದ ಹುಡುಗ.

ಒಂದು ಕೋರಿಕೆ ಇದೆ. ನಿಮ್ಮ ರಾರಿಟನ್ ಕಣಿವೆ ಕನ್ನಡ ಬಳಗದಿಂದ ಅವನಿಗೆ ಒಂದು ಸನ್ಮಾನ ಮಾಡಬಹುದೇ? ಆ ಕ್ರೀಡಾಂಗಣದಲ್ಲಿಯೇ, ನಮ್ಮ ಜನರ ಎದುರಿಗೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಒಂದು ಮಾನಪತ್ರ. ಪೇಟವನ್ನು ಇಲ್ಲಿಯ ಹಿಲ್‌ಸೈಡ್ ಅವೆನ್ಯೂವಿನ ಅಂಗಡಿಯಿಂದ ನಾನೇ ತರುತ್ತೇನೆ. ಮಾನಪತ್ರವನ್ನು ನಿಮ್ಮಂತೆ ಬರೆಯುವವರು ಈ ದೇಶದಲ್ಲಿ ಇಲ್ಲ. ಜುಲೈ ಹನ್ನೆರಡು ಶನಿವಾರ ಆಗಬಹುದೇ?

ನಿಮ್ಮ
ನಳಿನಾಕ್ಷಿ


ಸಮರ್‌ಸೆಟ್
21 ಜೂನ್ 2025

ಪ್ರೀತಿಯ ನಳಿನಾಕ್ಷಿ,

ಸೋಲುತ್ತಿರುವ ತಂಡದ ಮಾಲೀಕನಿಗೆ ಸನ್ಮಾನವೇ ಎಂದು ಮೊದಲು ದಿಗಿಲಾಯಿತು. ಎರಡು ದಿನ ಯೋಚಿಸಿದ ಮೇಲೆ ನಿನ್ನ ಆಶಯ ತಿಳಿಯಿತೆಂದು ಭಾವಿಸಿದ್ದೇನೆ. ತರಗತಿಯಲ್ಲಿ ಅತಿ ಹೆಚ್ಚು ಗಲಾಟೆ ಮಾಡುವ ಹುಡುಗಿಯನ್ನೇ ನಾವು ಮಾನಿಟರ್ ಮಾಡುತ್ತಿದ್ದೆವು. ಗೌರವದ ಭಾರ ಹೆಗಲ ಮೇಲೆ ಬಿದ್ದ ದಿನದಿಂದ ಅವಳು ನೆಟ್ಟಗಾಗುತ್ತಿದ್ದಳು. ವಸಿಷ್ಠನಿಗೂ ಅದೇ ಚಿಕಿತ್ಸೆ ಎಂದು ನೀನು ಯೋಚಿಸಿದ್ದೀಯೆ. ಜಾಣೆ.

ಮಾನಪತ್ರ ಸಿದ್ಧವಾಗಿದೆ. ಮುಖ್ಯವಾದ ಸಾಲುಗಳು ಇವು: “ಮಾನ್ಯರೇ, ತಮ್ಮ ದೂರದೃಷ್ಟಿಯಲ್ಲಿ ನಮಗೆ ಅಚಲವಾದ ವಿಶ್ವಾಸವಿದೆ. ಈ ತಂಡದ ಏಳಿಗೆಗಾಗಿ ತಾವು ಕೈಗೊಳ್ಳುವ ಸಮಸ್ತ ನಿರ್ಧಾರಗಳಿಗೂ ಈ ಸಮುದಾಯದ ಸಂಪೂರ್ಣ ಸಮ್ಮತಿಯಿದೆ.” ಇದು ಅತಿಯಾಯಿತೆಂದು ಧೃತಿ ಹೇಳಿದಳು. ನನ್ನ ಮೊಮ್ಮಗಳಿಗೆ ಮಾನಪತ್ರದ ಶೈಲಿ ಹೇಗೆ ತಿಳಿಯಬೇಕು? ನಮ್ಮ ಶಾಲೆಯ ಗುಮಾಸ್ತರ ಬೀಳ್ಕೊಡುಗೆಯಲ್ಲಿ ಅವರನ್ನು ‘ಕರ್ಮಯೋಗಿ’ ಎಂದು ಕರೆದವಳು ನಾನೇ. ಹನ್ನೊಂದು ಗಂಟೆಗೆ ಮೊದಲು ಅವರು ಕುರ್ಚಿಯಲ್ಲಿದ್ದುದನ್ನು ಕಂಡವರಿಲ್ಲ. ಮಾನಪತ್ರವನ್ನು ಯಾರೂ ಸಾಕ್ಷ್ಯವೆಂದು ಓದುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿಯಿಲ್ಲ. ಬಾಗಿಲಿನಲ್ಲಿ ಹಾಜರಿ ಪುಸ್ತಕ ಇಡಿಸುತ್ತೇನೆ. ಒಳಗೆ ಬಂದ ಪ್ರತಿಯೊಬ್ಬರೂ ಪೂರ್ಣ ಹೆಸರು, ಊರು ಬರೆದು ಸಹಿ ಹಾಕಬೇಕು. ನಮ್ಮ ಶಾಲೆಯ ನಿಯಮ ನೆನಪಿದೆಯಲ್ಲವೇ? ಸಹಿ ಹಾಕದವರು ಬಂದಿಲ್ಲವೆಂದೇ ಅರ್ಥ.

ಜುಲೈ ಒಂದರಂದು ನನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇದೆ. ಎರಡು ವಾರ ಪಂದ್ಯಕ್ಕೆ ಹೋಗುವಂತಿಲ್ಲ. ಹನ್ನೆರಡರ ಹೊತ್ತಿಗೆ ಹೇಗಾದರೂ ಬರುತ್ತೇನೆ.

ಇತಿ,
ಪದ್ಮಜಾ


ಫ್ಲೋರಲ್ ಪಾರ್ಕ್
2 ಜುಲೈ 2025

ಪ್ರೀತಿಯ ಪದ್ಮಜಕ್ಕ,

ಕಣ್ಣು ಚೆನ್ನಾಗಿದೆಯೆಂದು ಅನು ತಿಳಿಸಿದಳು. ಈ ಪತ್ರವನ್ನು ಧೃತಿಯಿಂದ ಓದಿಸಿಕೊಳ್ಳಿ.

ಕಾರ್ಯಕ್ರಮವನ್ನು ಒಂದು ವಾರ ಮುಂದೆ ಹಾಕಿ, ಹತ್ತೊಂಬತ್ತಕ್ಕೆ ಇಟ್ಟುಕೊಳ್ಳೋಣ ಎಂದು ವಸಿ ಕೇಳಿದ್ದಾನೆ. ಅಂದು ಬಳಗದವರಿಗೆಲ್ಲ ಒಂದೇ ಕಡೆ ಕೂರಲು ಜಾಗ, ಊಟದ ಪೊಟ್ಟಣ ಎಲ್ಲವೂ ಕ್ರೀಡಾಂಗಣದ ಕಡೆಯಿಂದಲೇ. ಅಲ್ಲಿಯವರೆಗೆ ನೀವು ಬಿಸಿಲಿಗೆ ಹೋಗಬೇಡಿ. ಪಂದ್ಯಕ್ಕಂತೂ ಬೇಡವೇ ಬೇಡ. ಆ ಜನರ ಕೂಗಾಟವನ್ನು ಕೇಳಿ ನಿಮ್ಮ ರಕ್ತದೊತ್ತಡ ಏರುವುದು ಬೇಡ.

ನಿಮ್ಮ
ನಳಿನಾಕ್ಷಿ


ಸಮರ್‌ಸೆಟ್
20 ಜುಲೈ 2025

ನಳಿನಾಕ್ಷಿ,

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನೀನೂ ಅಲ್ಲಿದ್ದೆ. ಆದರೆ ನೀನು ಕಂಡದ್ದನ್ನೇ ನಾನು ಕಂಡೆನೋ ಇಲ್ಲವೋ ತಿಳಿಯದು.

ಕಪ್ಪು ಕನ್ನಡಕ ಹಾಕಿಕೊಂಡು, ಧೃತಿಯ ತೋಳು ಹಿಡಿದು ಒಳಗೆ ಬಂದೆ. ನಮ್ಮ ಭಾಗ ಬಣ್ಣಬಣ್ಣದ ಸೀರೆಗಳಿಂದ ತುಂಬಿತ್ತು. ಅದರಾಚೆ ಎಲ್ಲವೂ ಬರಿಯ ಹಸಿರು. ಕಣ್ಣಿನ ದೋಷವೆಂದೇ ತಿಳಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಅವು ಖಾಲಿ ಕುರ್ಚಿಗಳು, ನಳಿನಾ. ಸಾವಿರಾರು ಖಾಲಿ ಕುರ್ಚಿಗಳು. ನಾನು ಕಳೆದುಕೊಂಡ ಎರಡು ವಾರಗಳಲ್ಲಿ ಅಭಿಮಾನಿಗಳೆಲ್ಲ ಸೇರಿ ಅಂದು ಯಾರೂ ಒಳಗೆ ಕಾಲಿಡಬಾರದೆಂದು ತೀರ್ಮಾನಿಸಿದ್ದರಂತೆ. ಒಂದು ದಿನವಾದರೂ ಮಾಲೀಕನು ಖಾಲಿ ಕುರ್ಚಿಗಳನ್ನು ನೋಡಲಿ ಎಂದು. ಅದೇ ದಿನ ನಾನು ಮುನ್ನೂರ ಎಂಬತ್ತಾರು ಜನರನ್ನು ಸಾಲಾಗಿ ನಿಲ್ಲಿಸಿ, ಸಹಿ ಹಾಕಿಸಿ ಒಳಗೆ ಕೂರಿಸಿದೆ. ಅವರ ಎದುರು ನಿಂತು ಮಾನಪತ್ರವನ್ನು ಓದಿದೆ. ಕ್ಯಾಮೆರಾಗಳು ನಮ್ಮ ಭಾಗದ ಕಡೆಗೆ ಮಾತ್ರ ತಿರುಗಿದ್ದವು.

ಹೊರಗೆ ಬರುವಾಗ ಗೇಟಿನ ಬಳಿ ಟೋನಿ ನಿಂತಿದ್ದ. ಈ ತಂಡದವರೆನ್ನಲು ನಾಚಿಕೆಯೆಂದು ತೋರಿಸಲು ತಲೆಗೆ ಕಂದುಬಣ್ಣದ ಕಾಗದದ ಚೀಲ ಹಾಕಿಕೊಂಡವರ ನಡುವೆ ಅವನೊಬ್ಬನೇ ಬರಿದಲೆಯಲ್ಲಿದ್ದ. ನನ್ನನ್ನು ಕಂಡು, “ಕಣ್ಣು ಹೇಗಿದೆ ಟೀಚರ್?” ಎಂದು ಕೇಳಿದ. ವಾಸಿಯಾಗುತ್ತಿದೆ ಎಂದೆ. “ಒಳ್ಳೆಯದು. ಇನ್ನು ಮುಂದೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ,” ಎಂದ. ಅಷ್ಟೇ. ಬೈದಿದ್ದರೆ ಸಹಿಸಬಹುದಾಗಿತ್ತು.

ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಆ ದಿನವೇ ಬಹಿಷ್ಕಾರವೆಂದು ನಿನಗೆ ತಿಳಿದಿತ್ತೇ? ನನ್ನ ಹಾಜರಿ ಪುಸ್ತಕ ಎಲ್ಲಿದೆ? ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಮೇಲೆ ಅದು ಇರಲಿಲ್ಲ.

ಪದ್ಮಜಾ


ಫ್ಲೋರಲ್ ಪಾರ್ಕ್
11 ಆಗಸ್ಟ್ 2025

ಪ್ರೀತಿಯ ಪದ್ಮಜಕ್ಕ,

ಉತ್ತರ ತಡವಾಯಿತು, ಕ್ಷಮಿಸಿ. ಇಲ್ಲಿ ವಿಪರೀತ ಸೆಕೆ. ಹಿತ್ತಲಿನ ಟೊಮ್ಯಾಟೊ ಗಿಡಗಳು ಬಾಡಿಹೋದವು. ಮೆಂತ್ಯದ ಸೊಪ್ಪು ಮಾತ್ರ ಹೇಗೋ ಬದುಕಿದೆ. ಸಾರಿಗೆ ನೀವು ಹೇಳಿಕೊಟ್ಟ ಪುಡಿಯನ್ನೇ ಮಾಡಿಟ್ಟಿದ್ದೇನೆ.

ಮಾನಪತ್ರಕ್ಕೆ ವಸಿ ಕಟ್ಟು ಹಾಕಿಸಿ, ಕಚೇರಿಯ ಗೋಡೆಗೆ ತೂಗುಹಾಕಿದ್ದಾನೆ. ಬಂದವರೆಲ್ಲ ಅಕ್ಷರವನ್ನು ಹೊಗಳುತ್ತಾರಂತೆ. ಹಾಜರಿ ಪುಸ್ತಕವೂ ಅಲ್ಲಿಯೇ ಭದ್ರವಾಗಿದೆ. ಚಿಂತೆ ಬೇಡ.

ಕಣ್ಣಿಗೆ ಔಷಧಿ ಹಾಕುವುದನ್ನು ಮರೆಯಬೇಡಿ.

ನಿಮ್ಮ
ನಳಿನಾಕ್ಷಿ


ಸಮರ್‌ಸೆಟ್
23 ಆಗಸ್ಟ್ 2025

ಶ್ರೀಮತಿ ನಳಿನಾಕ್ಷಿಯವರಿಗೆ,

ನಾನು ಕೇಳಿದ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ನೀವು ಟೊಮ್ಯಾಟೊ ಗಿಡದ ಉತ್ತರ ಕೊಟ್ಟಿರಿ. ಇನ್ನೊಂದರ ಉತ್ತರ ನಿನ್ನೆ ಟೋನಿಯ ಕೈಯಲ್ಲಿ ನಮ್ಮ ಮನೆಗೆ ಬಂತು.

ನಮ್ಮವರ ಅಂತ್ಯಕ್ರಿಯೆಯಾಗಿ ಮೂರು ವರ್ಷದ ನಂತರ ಅವನು ನಮ್ಮ ಮನೆಯ ಬಾಗಿಲು ತಟ್ಟಿದ. ಒಳಗೆ ಬರಲಿಲ್ಲ. ಕೆಲವು ಹಾಳೆಗಳನ್ನು ಕೊಟ್ಟು, “ನನಗೆ ನಿಮ್ಮ ಭಾಷೆ ಬರುವುದಿಲ್ಲ ಟೀಚರ್. ಆದರೆ ನಿಮ್ಮ ಸಹಿ ಗೊತ್ತು. ನಿಮ್ಮ ಪುಸ್ತಕದಲ್ಲಿ ದಿನಾ ನೋಡಿದ್ದೇನೆ,” ಎಂದ. ಧೃತಿ ಅವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ಓದಿದಳು. ಅರ್ಧಕ್ಕೆ ನಿಲ್ಲಿಸಿ, “ಅಜ್ಜಿ, ದೇ ಆರ್ ಮೂವಿಂಗ್ ದ ಟೀಮ್. ಇದು ನೀವು ಬರ್ದಿರೋ ಲೆಟರ್ ಅಲ್ವಾ?” ಎಂದಳು.

ತಂಡವನ್ನು ದಕ್ಷಿಣ ಕ್ಯಾರೊಲಿನಾಕ್ಕೆ ಸ್ಥಳಾಂತರಿಸಲು ಲೀಗಿನ ಒಪ್ಪಿಗೆ ಕೋರಿ ಸಲ್ಲಿಸಿದ ಅರ್ಜಿಯ ಪ್ರತಿ ಅದು. ಅಭಿಮಾನಿಗಳಿಗೂ ಲೀಗು ಒಂದನ್ನು ಕಳಿಸಿತ್ತಂತೆ. ಅರ್ಜಿಯ ತಾರೀಖು ಜುಲೈ ಇಪ್ಪತ್ತೆಂಟು. ಸ್ಥಳೀಯ ಸಮುದಾಯದ ಅಭಿಪ್ರಾಯ ಎಂಬ ಭಾಗದಲ್ಲಿ ನನ್ನ ಮಾನಪತ್ರದ ಇಂಗ್ಲಿಷ್ ಅನುವಾದವಿದೆ. ಅನುವಾದದಲ್ಲಿ ಒಂದು ತಪ್ಪೂ ಇಲ್ಲ. ನನಗೆ ಇನ್ನಷ್ಟು ದಿಗ್ಭ್ರಮೆಯಾದದ್ದು ಅದರಿಂದಲೇ. ಸಮಸ್ತ ನಿರ್ಧಾರಗಳಿಗೂ ಸಂಪೂರ್ಣ ಸಮ್ಮತಿ ಎಂದು ನಾನು ಬರೆದದ್ದನ್ನು ಹಾಗೆಯೇ ಬರೆದಿದ್ದಾರೆ. ಅದರ ಹಿಂದೆ ಹಾಜರಿ ಪುಸ್ತಕದ ಹದಿನಾರು ಪುಟಗಳು. ಬೆಂಬಲಿಗರ ಸಹಿಗಳು, ಮುನ್ನೂರ ಎಂಬತ್ತಾರು. ಮೊದಲನೆಯದು ನನ್ನದು.

ಊಟದ ಪೊಟ್ಟಣ ತೆಗೆದುಕೊಳ್ಳುವ ಮೊದಲು ಸಹಿ ಹಾಕಲೇಬೇಕೆಂದು ನಾನು ಹಟ ಹಿಡಿದೆ. ಕೈಯಲ್ಲಿ ಮಗುವಿದೆ, ಆಮೇಲೆ ಹಾಕುತ್ತೇನೆ ಎಂದ ತಾಯಿಯನ್ನೂ ಬಿಡಲಿಲ್ಲ. ಅವರೆಲ್ಲ ನನ್ನ ಶಿಸ್ತಿಗೆ ಹೆದರಿ ಬರೆದ ಹೆಸರುಗಳು ಇಂದು ಈ ಊರಿನಿಂದ ತಂಡವನ್ನು ಕಿತ್ತೊಯ್ಯಲು ಒಪ್ಪಿಗೆಯಾಗಿವೆ. ನಮ್ಮವರ ಕುರ್ಚಿಯನ್ನು ಕೀಳಲು ನಾನೇ ಸಹಿ ಹಾಕಿದಂತಾಗಿದೆ.

ಸೆಪ್ಟೆಂಬರ್ ನಾಲ್ಕರಂದು ಪಾರ್ಸಿಪನಿಯಲ್ಲಿ ಲೀಗಿನ ವಿಚಾರಣೆ ಇದೆ. ನಾನು ಹೋಗುತ್ತೇನೆ. ಅಲ್ಲಿ ಏನು ಹೇಳುವೆನೆಂಬುದನ್ನು ನಿಮಗೆ ತಿಳಿಸುವ ಅಗತ್ಯ ಕಾಣುವುದಿಲ್ಲ.

ಪದ್ಮಜಾ ದ್ವಾರಕಾನಾಥ


ಫ್ಲೋರಲ್ ಪಾರ್ಕ್
29 ಆಗಸ್ಟ್ 2025

ಅಕ್ಕ,

‘ಶ್ರೀಮತಿ’ ಎಂದು ನೀವು ಬರೆದದ್ದನ್ನು ಮೂರು ಸಲ ಓದಿದೆ.

ಬಹಿಷ್ಕಾರದ ದಿನವೆಂದು ನನಗೆ ತಿಳಿದಿತ್ತು. ತಂಡ ಹೋಗುತ್ತದೆಯೆಂದೂ ಜೂನ್ ತಿಂಗಳಿನಲ್ಲಿಯೇ ತಿಳಿದಿತ್ತು. ನಿಮ್ಮ ಮೊದಲ ಪತ್ರ ಬಂದಾಗ ವಸಿ ನನ್ನ ಎದುರಿಗೇ ಕುಳಿತು ಕಾಫಿ ಕುಡಿಯುತ್ತಿದ್ದ. “ನಳಿನಕ್ಕ, ಹೋಗೋ ಮುಂಚೆ ಒಂದೇ ಒಂದು ದಿನ ಆ ಗ್ರೌಂಡಲ್ಲಿ ನಂಗ್ಯಾರೂ ಬೈಯದೆ ಇರಲಿ. ನಿನ್ ಫ್ರೆಂಡ್‌ಗೆ ಹೇಳ್ತೀಯಾ?” ಎಂದು ಕೇಳಿದ. ಅಷ್ಟೇ ಎಂದು ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು.

ಹಾಜರಿ ಪುಸ್ತಕವನ್ನು ಮೇಜಿನಿಂದ ತೆಗೆದುಕೊಂಡವಳು ನಾನು. ನಿಮಗೆ ತಲುಪಿಸಬೇಕೆಂದು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಕಾರಿನಲ್ಲಿ ವಸಿ ಕೇಳಿದ, ಕೊಟ್ಟೆ. ಏಕೆ ಬೇಕೆಂದು ಕೇಳಲಿಲ್ಲ. ಕೇಳಿದರೆ ಅವನು ನಿಜ ಹೇಳಿಬಿಡುತ್ತಾನೆಂಬ ಭಯವಿತ್ತು. ನನ್ನ ತಪ್ಪು ಅದೇ ಅಕ್ಕ, ಕೇಳದೆ ಇದ್ದದ್ದು.

ಅವನಿಗೆ ವಿರುದ್ಧವಾಗಿ ನಿಲ್ಲಲು ನನ್ನಿಂದಾಗದು. ನೀವು ನಿಲ್ಲಿ.

ನಳಿನಾಕ್ಷಿ


ಸಮರ್‌ಸೆಟ್
16 ಸೆಪ್ಟೆಂಬರ್ 2025

ನಳಿನಾಕ್ಷಿ,

ಎರಡು ವಾರ ಉತ್ತರಿಸಲಿಲ್ಲ. ಸಿಟ್ಟು ಒಂದು ಕಾರಣ. ಬರೆಯಲು ನಿನ್ನೆಯವರೆಗೆ ಏನೂ ಇರಲಿಲ್ಲವೆಂಬುದು ಇನ್ನೊಂದು.

ವಿಚಾರಣೆಗೆ ಟೋನಿಯೇ ಕಾರಿನಲ್ಲಿ ಕರೆದೊಯ್ದ. ಹೋಟೆಲಿನ ಸಭಾಂಗಣದಲ್ಲಿ ಉದ್ದನೆಯ ಮೇಜಿನ ಆಚೆ ಐದು ಜನ ಕುಳಿತಿದ್ದರು. ವಸಿಷ್ಠ ನನ್ನನ್ನು ಕಂಡೊಡನೆ ಎದ್ದು, “ಅಕ್ಕ, ಕೂತ್ಕೊಳ್ಳಿ, ಕಾಲು ನೋಯತ್ತೆ,” ಎಂದು ತನ್ನ ಕುರ್ಚಿಯನ್ನೇ ಎಳೆದುಕೊಟ್ಟ. ನೀನು ಬೆಳೆಸಿದ ಹುಡುಗ. ನಾನು ನಿಂತೇ ಮಾತನಾಡಿದೆ. ಸಹಿಗಳು ಬೆಂಬಲದ ಸಹಿಗಳಲ್ಲ, ಹಾಜರಿ ಮಾತ್ರ. ಮಾನಪತ್ರದ ಮಾತು ಪದ್ಧತಿಯಂತೆ ಬರೆದ ಮಾತು ಎಂದೆ. ಅಧ್ಯಕ್ಷೆ ಸೌಜನ್ಯದಿಂದಲೇ ಕೇಳಿದಳು: “ಹಾಗಾದರೆ ನೀವು ಬರೆದದ್ದು ಸುಳ್ಳೇ?”

“ಸುಳ್ಳಲ್ಲ, ಸನ್ಮಾನ,” ಎಂದೆ.

ಯಾರಿಗೂ ಅರ್ಥವಾಗಲಿಲ್ಲ. ಅವಳು ಮತ್ತೆ ಅದನ್ನೇ ಕೇಳಿದಳು. ಜೀವಮಾನವಿಡೀ ಮಕ್ಕಳಿಗೆ ಬರೆದದ್ದಕ್ಕೆ ಬದ್ಧರಾಗಿರಿ ಎಂದವಳು ನಾನು. “ಹೌದು, ನಾನು ಬರೆದದ್ದು ನಿಜವಲ್ಲ,” ಎಂದು ಆ ಜನರೆದುರು ಹೇಳಿದೆ. ಕಾಲು ಆಗ ನೋಯತೊಡಗಿತು.

ಅವರು ತೀರ್ಮಾನವನ್ನು ತಿಂಗಳ ಕೊನೆಗೆ ಮುಂದೂಡಿದರು. ಒಪ್ಪಿಗೆಯಿಲ್ಲದವರು ಇಪ್ಪತ್ನಾಲ್ಕರೊಳಗೆ ಸಹಿಯೊಂದಿಗೆ ಬರೆದು ತಿಳಿಸಬಹುದೆಂದರು. ಹೊರಗೆ ಬಂದ ಮೇಲೆ ಟೋನಿ ಕೇಳಿದ: “ಟೀಚರ್, ನಿಮ್ಮ ಹತ್ತಿರ ಇನ್ನೊಂದು ಪುಸ್ತಕ ಇದೆಯೇ?”

ಇತ್ತು. ಈ ಸಲ ಪ್ರತಿಯೊಂದು ಪುಟದ ನೆತ್ತಿಯ ಮೇಲೂ ಎರಡು ಭಾಷೆಗಳಲ್ಲಿ ಬರೆದೆ: “ಈ ತಂಡವನ್ನು ಬೇರೆಡೆಗೆ ಒಯ್ಯಲು ನಮ್ಮ ಒಪ್ಪಿಗೆಯಿಲ್ಲ.” ಒಂದೂ ವಿಶೇಷಣವಿಲ್ಲ. ಬಳಗದವರ ಮನೆಮನೆಗೆ ಹೋಗಿ, ನನ್ನ ತಪ್ಪನ್ನು ಹೇಳಿ, ಹಳೆಯ ಮುನ್ನೂರ ಎಂಬತ್ತಾರರಲ್ಲಿ ಮುನ್ನೂರ ನಾಲ್ಕು ಜನರಿಂದ ಮತ್ತೆ ಸಹಿ ಪಡೆದೆ. ಕೈಯಲ್ಲಿ ಮಗುವಿದ್ದ ಆ ತಾಯಿ, “ಆಂಟಿ, ಈ ಸಲ ಓದಿ ಹಾಕ್ತೀನಿ,” ಎಂದಳು. ಅವಳು ಓದಿ ಮುಗಿಸುವವರೆಗೆ ಕಾದೆ.

ಮೊನ್ನೆ ಭಾನುವಾರ ಈ ವರ್ಷದ ಕೊನೆಯ ಪಂದ್ಯ. ಗೇಟಿನ ಹೊರಗೆ ಮೇಜು ಹಾಕಿಕೊಂಡು ಟೋನಿ ಪುಸ್ತಕ ಕಾದ. ನಾನು ಒಳಗೆ ನಮ್ಮವರ ಕುರ್ಚಿಯಲ್ಲಿ ಕುಳಿತು ಪಂದ್ಯವನ್ನು ಕೊನೆಯವರೆಗೂ ಬರೆದೆ. ಫಲಕ ಒಂಬತ್ತು–ಮೂರು, ನಾವು ಗೆದ್ದೆವು ಎಂದು ತೋರಿಸುತ್ತಿತ್ತು. ನನ್ನ ಪುಸ್ತಕದಲ್ಲಿ ಒಂಬತ್ತು–ಎಂಟು. ಗೆಲುವು ಎರಡೂ ಕಡೆ ನಿಜವಾದದ್ದು ಈ ವರ್ಷದಲ್ಲಿ ಅಪರೂಪ.

ನಿನ್ನೆ ಸಂಜೆ ಸಹಿಗಳನ್ನು ಎಣಿಸಲು ಕುಳಿತೆ. ಕೊನೆಯ ಪುಟಕ್ಕೆ ಬಂದಾಗ ಎಣಿಕೆ ತಪ್ಪಿತು. ಕ್ರಮಸಂಖ್ಯೆ ಆರುನೂರ ಹನ್ನೊಂದು. ಕನ್ನಡದ ಸಹಿ. ಇಪ್ಪತ್ತೆರಡು ವರ್ಷ ಪ್ರತಿ ಬೆಳಿಗ್ಗೆ ನೋಡಿದ ಸಹಿ ಅದು. ಕೊನೆಯ ಅಕ್ಷರದ ಬಾಲ ಕೆಳಗಿನ ಸಾಲಿಗೆ ಇಳಿದಿತ್ತು. ಊರು ಫ್ಲೋರಲ್ ಪಾರ್ಕ್. ಬಂದ ಸಮಯ ನಾಲ್ಕು ಗಂಟೆ ಐದು ನಿಮಿಷ. ಪಂದ್ಯ ಆರಂಭವಾದದ್ದು ಒಂದು ಗಂಟೆಗೆ.

ನಾನು ಕುರ್ಚಿಯಿಂದ ಎದ್ದು ನಿಂತೆನೆಂದು ಧೃತಿ ಹೇಳುತ್ತಾಳೆ. ನನಗೆ ನೆನಪಿಲ್ಲ. ಟೋನಿಗೆ ಫೋನ್ ಮಾಡಿ ಕೇಳಿದೆ. ನೀಲಿ ಸೀರೆಯ ಹೆಂಗಸೊಬ್ಬಳು ಬಂದು, ಮೇಲಿನ ಸಾಲನ್ನು ಎರಡು ಸಲ ಓದಿ, ಸಹಿ ಹಾಕಿ, ಒಳಗೆ ಬಾರದೆ ಹೊರಟುಹೋದಳಂತೆ. “ಅಳುತ್ತಿದ್ದಳೇ?” ಎಂದು ಕೇಳಿದೆ. “ಇಲ್ಲ ಟೀಚರ್. ಪೆನ್ನು ನಿಮ್ಮದೇ ಎಂದು ಕೇಳಿದಳು,” ಎಂದ.

ಈ ಪುಸ್ತಕ ಲೀಗಿಗೆ ತಲುಪಿದರೆ ವಸಿಷ್ಠನ ವಕೀಲರು ಪ್ರತಿಯೊಂದು ಹೆಸರನ್ನೂ ಓದುತ್ತಾರೆ. ನಿನ್ನ ಪುಟದಲ್ಲಿ ನಿನ್ನದಲ್ಲದೆ ಇನ್ನು ಮೂರು ಹೆಸರುಗಳು ಮಾತ್ರ ಇವೆ. ಆ ಮೂವರ ಸಹಿಗಳನ್ನು ಬೇರೆ ಹಾಳೆಯಲ್ಲಿ ಮತ್ತೆ ಪಡೆದು, ಈ ಪುಟವನ್ನು ತೆಗೆದಿಡಬಲ್ಲೆ. ಇಂತಹದನ್ನು ನಾನು ಎಂದೂ ಮಾಡಿದವಳಲ್ಲ. ನೀನು ಒಂದು ಮಾತು ಬರೆದರೆ ಮಾಡುತ್ತೇನೆ. ಇಪ್ಪತ್ತೆರಡರವರೆಗೆ ಪುಸ್ತಕ ನನ್ನ ಮೇಜಿನ ಮೇಲಿರುತ್ತದೆ.

ನಿನ್ನ
ಪದ್ಮಜಾ


ಫ್ಲೋರಲ್ ಪಾರ್ಕ್
18 ಸೆಪ್ಟೆಂಬರ್ 2025

ಪ್ರೀತಿಯ ಪದ್ಮಜಕ್ಕ,

ನಿನ್ನೆ ವಸಿ ಊಟಕ್ಕೆ ಬಂದಿದ್ದ. ಬಡಿಸುವಾಗ ನನ್ನ ಸಹಿಯ ವಿಷಯವನ್ನು ನಾನೇ ಹೇಳಿದೆ. ಅವನು ಕಲೆಸಿದ ಅನ್ನವನ್ನು ತಟ್ಟೆಯಲ್ಲಿಯೇ ಬಿಟ್ಟ. ಆಮೇಲೆ ಎದ್ದು ಕೈ ತೊಳೆದು ಹೋದ. ಮತ್ತೆ ಯಾವಾಗ ಬರುತ್ತಾನೋ ತಿಳಿಯದು.

ಇಪ್ಪತ್ತೆರಡು ವರ್ಷ ತಡವಾಗಿ ಬಂದೆ. ಒಂದು ದಿನವೂ ನೀವು ನನ್ನ ಹೆಸರಿನ ಮುಂದೆ ಸುಳ್ಳು ಸಮಯ ಬರೆಯಲಿಲ್ಲ, ಒಂದು ದಿನವೂ ನಾನು ಬಂದಿಲ್ಲವೆಂದೂ ಬರೆಯಲಿಲ್ಲ. ಈಗ ಪುಟ ತೆಗೆಯುವ ಮಾತೇಕೆ?

ಬಂದಿದ್ದೆ. ಸಹಿ ಹಾಕಿದ್ದೇನೆ. ಕಳಿಸಿ.

ನಿಮ್ಮ
ನಳಿನಾಕ್ಷಿ